ಮರಳಿ ಬಂದದ್ದು ತಲೆ ಮಾತ್ರ: ಬಿಯೊವುಲ್ಫ್‌ನ ಅಚ್ಚು, ಕುಮ್ಮಟದ ಕುಮಾರರಾಮ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಸಿಂಧನೂರಿನಿಂದ ಮಾತಾಡ್ತಾ ಇದ್ದೀನಿ. ಹೋದ ಸಂಚಿಕೆ ಆದ ಮೇಲೆ ಲಿಂಗಸುಗೂರಿನ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರ ಪ್ರಶ್ನೆ ಇಷ್ಟೇ: "ಈ ಹಾಲಿವುಡ್ ಸಿನಿಮಾದ ಹೀರೋಗಳೆಲ್ಲ ಒಂದೇ ಅಚ್ಚಿನಾಗ ಎರಕ ಹೊಯ್ದಂಗ ಇರ್ತಾರಲ್ಲ, ಆ ಅಚ್ಚು ನಮ್ಮ ಕಡೆ ಕಥೆಗಳಿಗೂ ಹೊಂದತೈತೇನ್ರಿ?"

ಒಳ್ಳೆ ಪ್ರಶ್ನೆ. ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು. ಮೊದಲು ಅಚ್ಚು ಯಾವುದು ಅಂತ ನೋಡೋಣ. ಆಮೇಲೆ ಇಂಗ್ಲಿಷಿನ ಹಳೇ ವೀರಕಾವ್ಯ ಬಿಯೊವುಲ್ಫ್. ಅಲ್ಲಿಂದ ನೇರವಾಗಿ ನಮ್ಮ ಪಕ್ಕದ ಕುಮ್ಮಟದುರ್ಗಕ್ಕೆ, ಗಂಡುಗಲಿ ಕುಮಾರರಾಮನ ಹತ್ತಿರ.

ಅಚ್ಚು ಮತ್ತು ಅದರ ಅಪ್ಪಂದಿರು

1936ರಲ್ಲಿ ಲಾರ್ಡ್ ರ್‍ಯಾಗ್ಲನ್ ಅನ್ನೋ ಇಂಗ್ಲಿಷ್ ವಿದ್ವಾಂಸ ಒಂದು ಪುಸ್ತಕ ಬರೆದ. ವೀರನ ಬಾಳಿನಲ್ಲಿ ಮತ್ತೆ ಮತ್ತೆ ಬರೋ 22 ಅಂಶಗಳನ್ನು ಪಟ್ಟಿ ಮಾಡಿ, ಯಾವ ವೀರನಿಗೆ ಎಷ್ಟು ಅಂಕ ಅಂತ ಲೆಕ್ಕ ಹಾಕಿದ. ರಾಜವಂಶದಲ್ಲಿ ಹುಟ್ಟು, ಹುಟ್ಟಿನ ಸುತ್ತ ಏನೋ ಒಂದು ವಿಶೇಷ, ಕೊಲ್ಲೋ ಪ್ರಯತ್ನ, ಗುಡ್ಡದ ಮೇಲೆ ಸಾವು, ಸತ್ತ ಮೇಲೆ ಪೂಜೆ, ಹೀಗೆ. 1949ರಲ್ಲಿ ಅಮೆರಿಕದ ಜೋಸೆಫ್ ಕ್ಯಾಂಬೆಲ್ ಅದನ್ನು ಇನ್ನೂ ಸರಳ ಮಾಡಿದ. ಮೂರೇ ಹೆಜ್ಜೆ: ಹೊರಡೋದು, ಪರೀಕ್ಷೆಗೆ ಬೀಳೋದು, ಮರಳೋದು. ಮನೆ ಬಿಟ್ಟ ವೀರ ಕತ್ತಲ ಲೋಕಕ್ಕೆ ಇಳಿತಾನೆ, ಒಂಥರಾ ಸತ್ತು ಹುಟ್ತಾನೆ, ಏನೋ ಒಂದು ವರವನ್ನು ಊರಿಗೆ ಹೊತ್ತು ತರ್ತಾನೆ. ಸ್ಟಾರ್ ವಾರ್ಸ್ ಕಥೆ ಕಟ್ಟೋವಾಗ ಜಾರ್ಜ್ ಲ್ಯೂಕಸ್ ಇದನ್ನೇ ಮುಂದಿಟ್ಟುಕೊಂಡಿದ್ದ. ಅವತ್ತಿನಿಂದ ಇದು ಸಿನಿಮಾದವರ ರೆಡಿಮೇಡ್ ಅಳತೆ.

ಈಗ ಬಿಯೊವುಲ್ಫ್. ಇದು ಆಂಗ್ಲೋ-ಸ್ಯಾಕ್ಸನ್ ಭಾಷೆಯ ಕಾವ್ಯ, 3182 ಸಾಲು. ಉಳಿದಿರೋದು ಒಂದೇ ಒಂದು ಹಸ್ತಪ್ರತಿ, ಸುಮಾರು ಸಾವಿರ ವರ್ಷ ಹಳೇದು. 1731ರಲ್ಲಿ ಬೆಂಕಿ ಬಿದ್ದಾಗ ಅದರ ಅಂಚೆಲ್ಲ ಸುಟ್ಟು ಹೋಯಿತು. ಆ ಬೆಂಕಿ ಇನ್ನೊಂದು ಸ್ವಲ್ಪ ಜೋರಾಗಿದ್ದರೆ ಇವತ್ತು ಆ ಹೆಸರೇ ನಮಗೆ ಗೊತ್ತಿರ್ತಿರಲಿಲ್ಲ.

ಕಥೆ ಚುಟುಕಾಗಿ ಹೇಳ್ತೀನಿ. ಡೇನರ ಮುದಿ ದೊರೆ ಹ್ರೋತ್‌ಗಾರ್‌ನ ಸಭಾಭವನಕ್ಕೆ ಗ್ರೆಂಡೆಲ್ ಅನ್ನೋ ರಾಕ್ಷಸ ರಾತ್ರಿ ರಾತ್ರಿ ಬಂದು ಜನರನ್ನು ತಿಂತಾ ಇರ್ತಾನೆ. ಸಮುದ್ರದ ಆಚೆಯಿಂದ ಗೀಟ್ ಕುಲದ ಯುವಕ ಬಿಯೊವುಲ್ಫ್ ಬಂದು ಬರಿಗೈಲಿ ಅವನ ತೋಳು ಕಿತ್ತು ಹಾಕ್ತಾನೆ. ಸೇಡಿಗೆ ಬಂದ ಗ್ರೆಂಡೆಲ್‌ನ ತಾಯಿಯನ್ನು ಹುಡುಕಿಕೊಂಡು ಮಡುವಿನ ತಳಕ್ಕೆ ಇಳಿದು ಅವಳನ್ನೂ ಕೊಲ್ತಾನೆ, ಊರಿಗೆ ಮರಳ್ತಾನೆ. ಇಲ್ಲಿಗೆ ಕ್ಯಾಂಬೆಲ್‌ನ ಚಕ್ರ ಪೂರ್ತಿ. ಆದರೆ ಕವಿ ನಿಲ್ಲಿಸಲ್ಲ. 50 ವರ್ಷ ಕಳೆಯುತ್ತೆ, ಬಿಯೊವುಲ್ಫ್ ಮುದಿ ದೊರೆ. ಒಂದು ಘಟಸರ್ಪ ನಾಡನ್ನು ಸುಡುತ್ತೆ. ಮುದುಕ ಹೊರಡ್ತಾನೆ. ಜೊತೆಗಿದ್ದವರೆಲ್ಲ ಕಾಡಿಗೆ ಓಡಿ ಹೋಗ್ತಾರೆ, ವಿಗ್ಲಾಫ್ ಒಬ್ಬನೇ ಉಳಿತಾನೆ. ಸರ್ಪವೂ ಸಾಯುತ್ತೆ, ಬಿಯೊವುಲ್ಫೂ ಸಾಯ್ತಾನೆ. ಇನ್ನು ನಮ್ಮ ನಾಡಿಗೆ ಯುದ್ಧ ತಪ್ಪಿದ್ದಲ್ಲ ಅನ್ನೋ ಭಯದಲ್ಲೇ ಜನ ಕಡಲ ದಂಡೆಗೆ ಅವನ ಸಮಾಧಿ ದಿಬ್ಬ ಕಟ್ತಾರೆ.

ಅಂದರೆ ನೋಡ್ರಿ, ಅಚ್ಚಿಗೆ ಹೊಂದುತ್ತೆ ಅಂತ ಎಲ್ಲರೂ ಉದಾಹರಣೆ ಕೊಡೋ ಕಾವ್ಯವೇ ಕೊನೆಗೆ ಅಚ್ಚನ್ನು ಒಡೆಯುತ್ತೆ. ವೀರಕಾವ್ಯದ ಜೀವ ಇರೋದು ಆ ಒಡೆದ ಜಾಗದಲ್ಲಿ ಅಂತ ನನಗನ್ನಿಸುತ್ತೆ.

ಈಗ ನಮ್ಮ ಸೀಮೆಗೆ

ಸಿಂಧನೂರಿನಿಂದ ಕಾರಟಗಿ, ಗಂಗಾವತಿ ದಾಟಿ ಕೊಪ್ಪಳದ ಕಡೆ ಹೊರಟರೆ ಬಂಡೆಗುಡ್ಡಗಳ ನಡುವೆ ಕುಮ್ಮಟದುರ್ಗ ಸಿಗುತ್ತೆ. ಹೊಳೆಯ ಆಚೆ ದಡಕ್ಕೆ ಕಂಪ್ಲಿ. ದೇವಗಿರಿಯ ಸೇವುಣರ ಕೈಕೆಳಗೆ ಮುಮ್ಮಡಿ ಸಿಂಗ ಶುರು ಮಾಡಿದ ಸಣ್ಣ ರಾಜ್ಯ ಇದು. ಅವನ ಮಗ ಕಂಪಿಲರಾಯ. ಕಂಪಿಲನ ಮಗ ಕುಮಾರರಾಮ.

ಇವನ ಕಥೆಯನ್ನು 16ನೇ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ಆಮೇಲೆ ಪಾಂಚಾಳ ಗಂಗನಂಥವರೂ ಬರೆದರು. ಓದು ಬಾರದ ಜನ ಹಾಡಿಕೊಂಡು ಬಂದರು. 2006ರಲ್ಲಿ ಶಿವರಾಜ್‌ಕುಮಾರ್ ಸಿನಿಮಾ ಕೂಡ ಬಂತು. ಕಾವ್ಯಗಳು ಹೇಳೋ ಕಥೆಯನ್ನು ಅಚ್ಚಿನ ಪಕ್ಕ ಇಟ್ಟು ನೋಡೋಣ.

ಹುಟ್ಟು: ಕಂಪಿಲರಾಯ, ಹರಿಯಲದೇವಿಗೆ ಜಟ್ಟಂಗಿ ರಾಮೇಶ್ವರನ ವರದಿಂದ ಹುಟ್ಟಿದ ಮಗ. ಅದಕ್ಕೇ ರಾಮನಾಥ ಅಂತ ಹೆಸರು. ಈ ಜಟ್ಟಂಗಿ ರಾಮೇಶ್ವರ ಇರೋದು ಮೊಳಕಾಲ್ಮೂರು ತಾಲೂಕಿನಲ್ಲಿ. ಆ ಗುಡ್ಡದಲ್ಲೂ ಒಂದು ಅಶೋಕನ ಶಾಸನ ಇದೆ. ಮಸ್ಕಿಯವರು ಇದನ್ನು ನೆನಪಿಟ್ಟುಕೊಳ್ರಿ, ಅಶೋಕನ ವಿಚಾರಕ್ಕೆ ಮತ್ತೆ ಬರ್ತೀನಿ.

ಹೊರಡೋದು: ಓರುಗಲ್ಲಿನ ಪ್ರತಾಪರುದ್ರನ ಜೊತೆ ಜಿದ್ದು, ಬೊಲ್ಲ ಅನ್ನೋ ಕುದುರೆ, ಜೊತೆಗೆ ಪ್ರಾಣಕ್ಕೆ ಪ್ರಾಣ ಕೊಡೋ ಕಾಟಣ್ಣ. ಬಿಯೊವುಲ್ಫ್‌ಗೆ ವಿಗ್ಲಾಫ್ ಕೊನೇಲಿ ಸಿಗ್ತಾನೆ. ರಾಮನಿಗೆ ಕಾಟಣ್ಣ ಮೊದಲಿಂದಲೂ ಇದ್ದಾನೆ.

ಪರೀಕ್ಷೆ: ಇಲ್ಲಿ ರಾಕ್ಷಸ ಹೊರಗಿನಿಂದ ಬರಲ್ಲ, ಅರಮನೆ ಒಳಗೇ ಪರೀಕ್ಷೆ. ಚೆಂಡಾಟ ಆಡೋವಾಗ ರಾಮನ ಚೆಂಡು ಚಿಕ್ಕರಾಣಿ ರತ್ನಾಜಿಯ ಅರಮನೆಗೆ ಬೀಳುತ್ತೆ. ತರೋಕೆ ಹೋದ ರಾಮನನ್ನು ಅವಳು ಬಯಸ್ತಾಳೆ. ಅವನು ಒಲ್ಲೆ ಅಂತಾನೆ, ಪರನಾರಿ ಸಹೋದರ ಅನ್ನೋ ಬಿರುದು ಅವನದು. ಅವಮಾನ ಆದ ರಾಣಿ ಗಂಡನ ಹತ್ತಿರ ತಿರುಗಿಸಿ ದೂರು ಹೇಳ್ತಾಳೆ. ಮುದಿ ರಾಜ ಹಿಂದೆ ಮುಂದೆ ನೋಡದೆ ಮಗನ ತಲೆ ತೆಗೆಸೋಕೆ ಅಪ್ಪಣೆ ಕೊಡ್ತಾನೆ.

ಸತ್ತು ಹುಟ್ಟೋದು: ಮಂತ್ರಿ ಬೈಚಪ್ಪ ಬುದ್ಧಿವಂತ. ರಾಮನನ್ನು ಅವನ ಸಂಗಡಿಗರ ಜೊತೆ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಬೇರೆ ಯಾರದ್ದೋ ತಲೆಯನ್ನು ರಾಜನಿಗೆ ತೋರಿಸ್ತಾನೆ. ಊರಿಗೆ ಊರೇ ಅಳುತ್ತೆ. ಅಷ್ಟರಲ್ಲಿ ದಿಲ್ಲಿಯ ದಂಡು ಮೇಲೆ ಬೀಳುತ್ತೆ. ಮಗ ಇದ್ದಿದ್ದರೆ ಅಂತ ಕಂಪಿಲ ಎದೆ ಬಡಿದುಕೊಂಡಾಗ ಬೈಚಪ್ಪ ಗುಟ್ಟು ಬಿಚ್ತಾನೆ. ರಾಮ ನೆಲದೊಳಗಿಂದ ಎದ್ದು ಬರ್ತಾನೆ. ಬಿಯೊವುಲ್ಫ್‌ನ ಮಡು ಹೇಗೋ, ರಾಮನ ನೆಲಮಾಳಿಗೆ ಹಾಗೆ. ಇಲ್ಲಿವರೆಗೂ ಕ್ಯಾಂಬೆಲ್ ಮೇಷ್ಟ್ರು ಫುಲ್ ಮಾರ್ಕ್ಸ್ ಕೊಡ್ತಿದ್ದರು.

ಮರಳೋದು: ಇಲ್ಲೇ ಒಡೆಯೋದು. ಕೊನೆ ಯುದ್ಧದಲ್ಲಿ ದಿಲ್ಲಿ ಸೈನ್ಯದ ಮುಂದೆ ಮಾತಂಗಿ ಅನ್ನೋ ಹೆಣ್ಣು ಬರ್ತಾಳೆ. ಪರನಾರಿ ಸಹೋದರ ಅನ್ನಿಸಿಕೊಂಡವನು ಹೆಣ್ಣಿನ ಮೇಲೆ ಕತ್ತಿ ಎತ್ತೋದು ಹೇಗೆ? ಯಾವ ಬಿರುದು ಅವನನ್ನು ರತ್ನಾಜಿಯ ಮನೆಯಲ್ಲಿ ಕಾಪಾಡಿತೋ ಅದೇ ಬಿರುದು ರಣದಲ್ಲಿ ಅವನ ಕೈ ಕಟ್ಟುತ್ತೆ. ರಾಮ ಬೀಳ್ತಾನೆ. ಅವನ ತಲೆ ದಿಲ್ಲಿಗೆ ಹೋಗುತ್ತೆ. ರಾಮನ ವಿಚಾರ ಕೇಳೇ ಅವನನ್ನು ಮೋಹಿಸಿದ್ದ ಸುಲ್ತಾನನ ಮಗಳ ಮುಂದೆ ಆ ತಲೆ ಬರುತ್ತೆ. ಕೊನೆಗೆ ತಲೆ ತನ್ನ ನಾಡಿಗೆ ಮರಳುತ್ತೆ. ಕ್ಯಾಂಬೆಲ್‌ನ ವೀರ ವರ ಹೊತ್ತು ಬರ್ತಾನೆ. ನಮ್ಮ ಸೀಮೆಗೆ ವೀರನ ತಲೆ ಮಾತ್ರ ಬಂತು. ಜನ ಅದನ್ನೇ ವರ ಮಾಡಿಕೊಂಡರು. ಮಲೆನಾಡಿನ ಕೆಲವು ಊರುಗಳಲ್ಲಿ ಇವತ್ತಿಗೂ ರಾಮ, ಕಾಟಣ್ಣ ಇವರ ತಲೆಯ ಮೂರ್ತಿಗಳಿಗೆ ಪೂಜೆ ನಡೆಯುತ್ತೆ.

ಕಿರ್ದಿಯೊಂದು, ಖತಾವಣಿಯೊಂದು

ನಾನು ಬಿ.ಕಾಂ. ಓದಿದವನು. ನಮಗೆ ಕಲಿಸಿದ ಮೊದಲ ಪಾಠ ಎರಡು ಪುಸ್ತಕ ತಾಳೆ ನೋಡೋದು. ಬ್ಯಾಂಕಿನ ಪಾಸ್‌ಬುಕ್ ಒಂದು ಹೇಳುತ್ತೆ, ನಮ್ಮ ಕ್ಯಾಶ್‌ಬುಕ್ ಒಂದು ಹೇಳುತ್ತೆ, ವ್ಯತ್ಯಾಸ ಎಲ್ಲಿ ಬಂತು ಅಂತ ಹುಡುಕೋದು. ಕುಮಾರರಾಮನ ವಿಚಾರದಲ್ಲೂ ಎರಡು ಪುಸ್ತಕ ಇವೆ.

ದಿಲ್ಲಿ ಕಡೆಯ ಪುಸ್ತಕ ಹೇಳೋದು ಹೀಗೆ. 1326ರ ಸುಮಾರಿಗೆ ಸಗರದಲ್ಲಿ ಬಹಾವುದ್ದೀನ್ ಗುರ್ಶಾಸ್ಪ್ ಅನ್ನೋ ಅಧಿಕಾರಿ ಇದ್ದ. ಸಗರ ಅಂದರೆ ನಮ್ಮ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಸಗರ. ಇವನು ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಸೋದರ ಸಂಬಂಧಿ. ಸುಲ್ತಾನನ ವಿರುದ್ಧ ದಂಗೆ ಎದ್ದ, ದೇವಗಿರಿ ಹತ್ತಿರ ಸೋತ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಂಪಿಲನ ಹತ್ತಿರ ಓಡಿ ಬಂದ. ಭೂಪಟ ತೆಗೆದು ಸಗರದಿಂದ ಕುಮ್ಮಟಕ್ಕೆ ಒಂದು ಗೆರೆ ಎಳೆದು ನೋಡ್ರಿ. ಕೃಷ್ಣೆ ದಾಟಿದ ಮೇಲೆ ಆ ಗೆರೆ ಲಿಂಗಸುಗೂರು, ಮಸ್ಕಿ ಪಕ್ಕದಲ್ಲೇ ಹಾದು, ಸಿಂಧನೂರಿನ ಪಡುವಣಕ್ಕೆ ಇಳಿಯುತ್ತೆ.

ಒಪ್ಪಿಸು ಅಂತ ಸುಲ್ತಾನ ಕೇಳಿದ. ಕಂಪಿಲ ಒಪ್ಪಲಿಲ್ಲ. ದಂಡು ಬಂತು. ಎರಡು ಸಲ ಹಿಮ್ಮೆಟ್ಟಿತು, ಮೂರನೇ ಸಲ ಗೆದ್ದಿತು. ಇನ್ನು ಉಳಿಯಲ್ಲ ಅಂತ ಗೊತ್ತಾದಾಗ ಕಂಪಿಲ ಏನು ಮಾಡಿದ ಅನ್ನೋದನ್ನು ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಆಶ್ರಯ ಕೇಳಿ ಬಂದವನನ್ನು ಮೊದಲು ಸುರಕ್ಷಿತವಾಗಿ ಪಕ್ಕದ ರಾಜನ ಹತ್ತಿರ ಕಳಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿದ. ರಾಣಿವಾಸದ ಹೆಂಗಸರು ಅದರಲ್ಲಿ ಬಿದ್ದರು. ಕಂಪಿಲ ಮಿಂದು, ಗಂಧ ಪೂಸಿಕೊಂಡು, ಹೊರಗೆ ಬಂದು ಕಾದಾಡಿ ಸತ್ತ. ಇದು 1327ರ ಸುಮಾರಿನ ಮಾತು. ಪಕ್ಕದ ರಾಜ ಅಂದರೆ ಹೊಯ್ಸಳ ಮೂರನೇ ಬಲ್ಲಾಳ. ಅವನು ಗುರ್ಶಾಸ್ಪ್‌ನನ್ನು ಸುಲ್ತಾನನಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಕಂಪಿಲನ 11 ಮಕ್ಕಳು ಸೆರೆ ಸಿಕ್ಕರು, ಇಸ್ಲಾಮಿಗೆ ಸೇರಿದರು, ತಂದೆಯ ನಡತೆಗೆ ಮರ್ಯಾದೆ ಕೊಟ್ಟು ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿದ ಅಂತಾನೆ ಬತೂತ. ಅವರಲ್ಲಿ ಕೆಲವರ ಪರಿಚಯ ಅವನಿಗೆ ದಿಲ್ಲಿಯಲ್ಲಿ ಆಗಿತ್ತು.

ತಾಳೆ ನೋಡಿದರೆ ಏನು ಕಾಣುತ್ತೆ? ಬತೂತನ ಬರಹದಲ್ಲಿ ಕಂಪಿಲ ಇದ್ದಾನೆ, ರಾಮನ ಹೆಸರಿಲ್ಲ. ಹಾಡಿನಲ್ಲಿ ರಾಮನೇ ಎಲ್ಲ, ಕಂಪಿಲ ಕಿವಿ ಹಿತ್ತಾಳೆಯ ಮುದುಕ. ಇದೇ ಆಟ ಬಿಯೊವುಲ್ಫ್‌ನಲ್ಲೂ ಇದೆ. ಅವನ ಸೋದರಮಾವ ಹೈಗೆಲಾಕ್ ಫ್ರಿಸಿಯಾ ಕಡಲತೀರಕ್ಕೆ ದಾಳಿ ಮಾಡಿ ಸತ್ತಿದ್ದನ್ನು 6ನೇ ಶತಮಾನದ ಗ್ರೆಗರಿ ಆಫ್ ಟೂರ್ಸ್ ದಾಖಲೆ ಮಾಡಿದ್ದಾನೆ. ಬಿಯೊವುಲ್ಫ್‌ನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ದಾಖಲೆಗೆ ದೊರೆ, ಹಾಡಿಗೆ ಹುಡುಗ.

ಹಾಗಂತ ರಾಮ ಬರೀ ಕಲ್ಪನೆ ಅಂತ ತಳ್ಳಿಹಾಕೋ ಹಾಗಿಲ್ಲ. ಹಾವೇರಿ ಹತ್ತಿರದ ಸಂಗೂರಿನಲ್ಲಿ 15ನೇ ಶತಮಾನದ ಶಾಸನವೊಂದಿದೆ, ಅದರಲ್ಲಿ ಕಂಪಿಲನ ಮಗ ಕುಮಾರರಾಮನ ಹೆಸರು ಕೆತ್ತಿದೆ. ನಂಜುಂಡ ಬರೆಯೋಕೆ ಮುಂಚೆಯೇ ಜನರಿಗೆ ಅವನು ಗೊತ್ತಿದ್ದ. ಹಾಗೇ, ದಿಲ್ಲಿ ಕಡೆಯ ಪುಸ್ತಕ ಎಲ್ಲವೂ ಪಕ್ಕಾ ಲೆಕ್ಕ ಅಂತಲೂ ಅಲ್ಲ. ಈ ಯುದ್ಧಗಳ ಬಗ್ಗೆ ಬರೆದ ಇಸಾಮಿ ಬಹಮನಿ ರಾಜ್ಯ ಹುಟ್ಟಿದ ಹೊಸದರಲ್ಲಿ, 1350ರ ಹೊತ್ತಿಗೆ, ಫಾರ್ಸಿಯಲ್ಲಿ ಶಾಹನಾಮೆಯ ದಾರಿ ಹಿಡಿದು ಕಟ್ಟಿದ್ದು ಕೂಡ ಒಂದು ವೀರಕಾವ್ಯವೇ.

ಜಮಾ-ಖರ್ಚಿನಲ್ಲಿ ಬಿಟ್ಟು ಹೋದದ್ದು

ಯುದ್ಧಕ್ಕೆ ಕಾರಣ ಯಾವುದು ಅನ್ನೋದರಲ್ಲೇ ದೊಡ್ಡ ವ್ಯತ್ಯಾಸ ಇರೋದು. ದಾಖಲೆಯಲ್ಲಿ ಕಾರಣ ಆಶ್ರಯ. ಹಾಡುಗಳು ಹರಡ್ತಾ ಹೋದ ಹಾಗೆ ಜನರ ನೆನಪಿನಲ್ಲಿ ಮುಂದೆ ಬಂದಿದ್ದು ಬೇರೆ ಎರಡು ಕಾರಣ: ಅರಮನೆಯಲ್ಲಿ ರತ್ನಾಜಿಯ ಮೋಹ, ದಿಲ್ಲಿಯಲ್ಲಿ ಸುಲ್ತಾನನ ಮಗಳ ಮೋಹ. ಆಶ್ರಯದ ಮಾತು ಹಿಂದೆ ಸರೀತು.

ಯಾಕೆ ಅಂತ ಕೇಳಿದರೆ ಅಚ್ಚಿನ ಕೆಲಸವೇ ಅದು ಅನ್ನಬೇಕು. ಮಲತಾಯಿ ಮೋಹಿಸಿ, ದೂರು ಹೇಳಿ, ತಂದೆ ಮಗನನ್ನು ಕೊಲ್ಲಿಸೋ ಕಥೆ ರಾಮನಿಗಿಂತ ಬಹಳ ಹಳೇದು. ಗ್ರೀಕರಲ್ಲಿ ಹಿಪ್ಪೊಲಿಟಸ್‌ನದು ಇದೇ ಕಥೆ. ತೆಲುಗಿನವರ ಸಾರಂಗಧರನದೂ ಇದೇ. ಕುರಾನಿನ ಯೂಸುಫ್‌ನನ್ನು ಬಯಸಿ ದೂರು ಹೇಳಿದವಳು ಮಲತಾಯಿಯಲ್ಲ, ಒಡೆಯನ ಹೆಂಡತಿ. ಅವಳನ್ನೇ ಜನ ಜುಲೇಖಾ ಅಂತಾರೆ.

ಈಗ ಮಸ್ಕಿಗೆ ಬರ್ತೀನಿ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಶಾಸನ ಪತ್ತೆ ಮಾಡಿದ. ಅದುವರೆಗೂ ಕಲ್ಲುಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಓದಿದ್ದರು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿ ಕಲ್ಲು. ಅದೇ ಅಶೋಕನ ಮನೆಯಲ್ಲೂ ಒಬ್ಬ ರತ್ನಾಜಿ ಇದ್ದಾಳೆ! ಬೌದ್ಧರ ಅಶೋಕಾವದಾನ ಹೇಳುತ್ತೆ: ಕಿರಿ ರಾಣಿ ತಿಷ್ಯರಕ್ಷಿತೆ ಮಲಮಗ ಕುಣಾಲನನ್ನು ಬಯಸಿದಳು, ಅವನು ಒಪ್ಪದಿದ್ದಾಗ ರಾಜಮುದ್ರೆ ಒತ್ತಿ ಸುಳ್ಳು ಅಪ್ಪಣೆ ಕಳಿಸಿ ಅವನ ಕಣ್ಣು ಕೀಳಿಸಿದಳು. ಅಶೋಕನಿಗೂ ಕಂಪಿಲನಿಗೂ ಹದಿನೈದು ಶತಮಾನದ ಅಂತರ. ಕಥೆಯ ಅಚ್ಚು ಮಾತ್ರ ಒಂದೇ.

ಆದರೆ ಈ ಅಚ್ಚಿಗೆ ಒಂದು ಬೆಲೆ ಇದೆ, ಅದನ್ನು ಯಾರೋ ತೆರಬೇಕು. ಮುದಿ ರಾಜನಿಗೆ ಮಗನ ವಯಸ್ಸಿನ ಹುಡುಗಿಯನ್ನು ಯಾಕೆ ತಂದರು ಅಂತ ಯಾರೂ ಕೇಳಲ್ಲ. ಮಗನ ಮಾತು ಒಂದು ಸಲವೂ ಕೇಳದೆ ತಲೆ ತೆಗೆಯಿರಿ ಅಂದ ತಂದೆಗೆ ಕೆಟ್ಟ ಹೆಸರು ಅಷ್ಟಾಗಿ ಬರಲಿಲ್ಲ. ಬೆಂಕಿಗೆ ಬಿದ್ದ ಹೆಂಗಸರಿಗೆ ಒಂದೊಂದು ಹೆಸರೂ ಇಲ್ಲ. ರತ್ನಾಜಿಗೆ ಮಾತ್ರ ಏಳು ನೂರು ವರ್ಷದಿಂದ ಶಾಪ.

ಇನ್ನೊಂದು ಬೆಲೆ ಇವತ್ತಿನದು. ಕುಮಾರರಾಮನ ಹೆಸರು ಹಾಕಿ ವಾಟ್ಸಾಪಿನಲ್ಲಿ ಓಡಾಡೋ ವಿಡಿಯೊಗಳನ್ನು ನೀವೂ ನೋಡಿರ್ತೀರಿ. ಎರಡು ಮಿನಿಟು, ಒಂದು ಡ್ರಮ್ಮು, ಈ ಧರ್ಮ ವರ್ಸಸ್ ಆ ಧರ್ಮ. ಆ ಎರಡು ಮಿನಿಟಿನಲ್ಲಿ ಗುರ್ಶಾಸ್ಪ್ ಇರಲ್ಲ. ಇದ್ದರೆ ಕಷ್ಟ ಆಗುತ್ತೆ. ಯಾಕಂದ್ರೆ ಕಂಪಿಲ ರಾಜ್ಯ, ಮನೆ, ಮಕ್ಕಳು ಎಲ್ಲ ಕಳಕೊಂಡಿದ್ದು ಬಾಗಿಲಿಗೆ ಬಂದ ಒಬ್ಬ ಮುಸ್ಲಿಂ ಆಶ್ರಿತನನ್ನು ಒಪ್ಪಿಸಲ್ಲ ಅಂದದ್ದಕ್ಕೆ. ಒಪ್ಪಿಸಿದವನು ಹೊಯ್ಸಳ ರಾಜ. ಕೊಂದವನು ಆಶ್ರಿತನ ಸ್ವಂತ ಬಂಧು. ಸೆರೆ ಹೋದ ಮಕ್ಕಳು ದಿಲ್ಲಿಯ ಅಮೀರರಾದರು. ಹಾಡಿನಲ್ಲೂ ಹಾಗೇ: ಸ್ವಂತ ಅಪ್ಪ ತಲೆ ಕೇಳಿದ, ವೈರಿಯ ಮಗಳು ಪ್ರೀತಿ ಮಾಡಿದಳು. ಇದನ್ನೆಲ್ಲ ಎರಡು ಬಣ್ಣದಲ್ಲಿ ಹೇಗೆ ಬಳೀತೀರಿ?

ಕರ್ಬಲಾ ಮತ್ತು ಕುಮ್ಮಟ

ಲಿಂಗಸುಗೂರು ತಾಲೂಕಿನವರಿಗೆ ಮುದಗಲ್ ಮೊಹರಂ ಬಗ್ಗೆ ನಾನು ಹೇಳಬೇಕಾಗಿಲ್ಲ. ಕೋಟೆ ಊರಿನ ಆ ಹಬ್ಬಕ್ಕೆ ಎಲ್ಲಾ ಜಾತಿಯವರು ಬರ್ತಾರೆ, ಹರಕೆ ಹೊರ್ತಾರೆ, ಅಲಾಯಿ ಕುಣೀತಾರೆ. ನಮ್ಮ ಕಡೆ ರಿವಾಯತ್ ಪದಗಳನ್ನು ಅಚ್ಚ ಕನ್ನಡದಲ್ಲಿ ಹಾಡ್ತಾರೆ. ಆ ಪದಗಳಲ್ಲಿ ಬರೋದು 680ರ ಕರ್ಬಲಾ. ಕೆಲವೇ ಸಂಗಡಿಗರು, ಎದುರಿಗೆ ದೊಡ್ಡ ದಂಡು, ಶರಣಾಗಲ್ಲ ಅನ್ನೋ ಹಟ, ಬಾಯಾರಿಕೆ, ಸಾವು. ಹುಸೇನರ ತಲೆಯನ್ನು ಡಮಾಸ್ಕಸ್‌ನಲ್ಲಿದ್ದ ಯಜೀದನ ಮುಂದೆ ತಂದಿಟ್ಟರು.

ಒಂದು ತಲೆ ಡಮಾಸ್ಕಸ್‌ಗೆ, ಇನ್ನೊಂದು ತಲೆ ದಿಲ್ಲಿಗೆ. ಎರಡೂ ಕಥೆ ಕೇಳಿ ಅತ್ತಿರೋದು ಇದೇ ಎರಡು ಹೊಳೆ ನಡುವಿನ ಜನ. ಇದು ಯಾರು ಯಾರಿಂದ ತಗೊಂಡರು ಅನ್ನೋ ಜಗಳ ಅಲ್ಲ. ರಾಯಚೂರು, ಮುದಗಲ್ ಕೋಟೆಗಳಿಗಾಗಿ ಬಹಮನಿ, ವಿಜಯನಗರ, ಆದಿಲ್‌ಶಾಹಿ ದಂಡುಗಳು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಓಡಾಡಿದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. ನಂಜುಂಡ ಬರೆದದ್ದೂ ಅದೇ ಶತಮಾನದಲ್ಲಿ. ಯಾರು ಗೆದ್ದರೂ ತುಳಿತಕ್ಕೆ ಸಿಕ್ಕಿದ್ದು ಇಲ್ಲಿನ ಜೋಳದ ಹೊಲ. ಅಂಥ ನೆಲಕ್ಕೆ ಗೆದ್ದು ಮನೆಗೆ ಬರೋ ಹೀರೋ ಹೊಂದಲ್ಲ. ಹೋದವನು ಬರಲಿಲ್ಲ, ಆದರೆ ಮಾತಿಗೆ ತಪ್ಪಲಿಲ್ಲ ಅನ್ನೋ ಕಥೆಯೇ ಇಲ್ಲಿ ನಾಟೋದು.

ಹಾಗಾಗಿ ಲಿಂಗಸುಗೂರಿನ ಅಣ್ಣಾವ್ರಿಗೆ ನನ್ನ ಉತ್ತರ: ಅಚ್ಚು ಮುಕ್ಕಾಲು ಹೊಂದತೈತ್ರಿ. ಉಳಿದ ಕಾಲು ಭಾಗ ಹೊಂದಲ್ಲ. ನಮ್ಮ ಚರಿತ್ರೆ ಇರೋದು ಆ ಕಾಲು ಭಾಗದಲ್ಲೇ.

ಕೊನೇದಾಗಿ ಒಂದು ಕೆಲಸ ಹೇಳ್ತೀನಿ. ಬಿಯೊವುಲ್ಫ್ ಉಳಿದಿದ್ದು ಸುಟ್ಟ ಅಂಚಿನ ಒಂದು ಪ್ರತಿಯಿಂದ. ನಮ್ಮ ಕುಮಾರರಾಮ ಕವಿಗಳ ಪುಸ್ತಕದಲ್ಲಿ ಅರ್ಧ ಉಳಿದರೆ, ಇನ್ನರ್ಧ ಉಳಿದಿದ್ದು ಹಾಡೋರ ಗಂಟಲಿನಲ್ಲಿ. ಬಳ್ಳಾರಿ ಸೀಮೆಯ ದರೋಜಿ ಈರಮ್ಮ, ಬುಡ್ಗ ಜಂಗಮ ಸಮುದಾಯದ ಬುರ್ರಕಥಾ ಕಲಾವಿದೆ, ಶಾಲೆ ಮೆಟ್ಟಿಲು ಹತ್ತದವರು. ಕುಮಾರರಾಮನ ಕಥೆಯೂ ಸೇರಿ 12 ಜನಪದ ಕಾವ್ಯಗಳು ಅವರ ಬಾಯಲ್ಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಹಾಡು ಬರಹಕ್ಕೆ ಇಳಿದಿದ್ದು ನಮ್ಮ ಪುಣ್ಯ. ಎಲ್ಲರದ್ದೂ ಇಳಿದಿಲ್ಲ.

ನಿಮ್ಮ ಊರಾಗ ಬಯಲಾಟದ ಮಾಸ್ತರು ಇದ್ದರೆ, ರಿವಾಯತ್ ಹಾಡೋ ಚಾಚಾ ಇದ್ದರೆ, ಬೀಸೋ ಕಲ್ಲಿನ ಪದ ನೆನಪಿರೋ ಅಮ್ಮ ಇದ್ದರೆ, ಫೋನ್ ತೆಗೆದು ರೆಕಾರ್ಡ್ ಒತ್ರಿ. ಹಾಡಿದವರ ಹೆಸರು, ಊರು, ತಾರೀಖು ಮೊದಲಿಗೇ ಹೇಳಿಸ್ರಿ. ಅವರ ಪಾಠದಲ್ಲಿ ರತ್ನಾಜಿಗೆ ಏನಾಯ್ತು, ಆಶ್ರಯಕ್ಕೆ ಬಂದವನು ಇದ್ದಾನಾ ಇಲ್ವಾ ಅಂತ ತಪ್ಪದೆ ಕೇಳ್ರಿ. ಹಾಡೋರು ಒಪ್ಪಿದರೆ ನನಗೂ ಕಳಿಸ್ರಿ, ಮುಂದೆ ಅದನ್ನೇ ಒಂದು ಸಂಚಿಕೆ ಮಾಡೋಣ.